ದಾರಿ ಕೇಳುತ್ತಾ ಬರೆದ ಕಾರಂತರು

ಮೊನ್ನೆ ಭಾನುವಾರ ನಮ್ಮೂರಿನ ಲೈಬ್ರರಿಯಲ್ಲಿ ಶಿವರಾಮ ಕಾರಂತರ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಮಳೆ ಜೋರಾಗಿ ಬರಲಾಗದ ಕೆಲವರು ಬರೆದು ಕಳಿಸಿ ಎಂದು ಕೇಳಿದರು. ಆಡಿದ ಮಾತನ್ನೇ ಬರಹಕ್ಕೆ ಇಳಿಸಿದ್ದೇನೆ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ, ಅಷ್ಟೇ.

ಒಂದು ಕಾದಂಬರಿಯಿಂದಲೇ ಶುರು ಮಾಡುತ್ತೇನೆ. ಹೆಸರು 'ಅಳಿದ ಮೇಲೆ', ಬಂದದ್ದು 1960ರಲ್ಲಿ. ಮುಂಬಯಿಯಲ್ಲಿ ಯಶವಂತರಾಯರು ಎಂಬ ಒಬ್ಬರು ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಒಂದಿಷ್ಟು ಹಣ, ಬರೆದಿಟ್ಟ ದಿನಚರಿ ಒಬ್ಬ ಪರಿಚಯದವರ ಕೈಗೆ ಬರುತ್ತವೆ. ಆ ಪರಿಚಯದವರು ಒಬ್ಬ ಲೇಖಕ, ಓದುವ ನಮಗೆ ಅವರು ಕಾರಂತರೇ. ಸತ್ತುಹೋದ ಈ ಗೆಳೆಯನ ಬಗ್ಗೆ ತನಗೆ ಹೆಚ್ಚೇನೂ ಗೊತ್ತಿಲ್ಲ ಎಂಬುದು ಅವರಿಗೆ ಆಗ ತಿಳಿಯುತ್ತದೆ. ಜೊತೆಗೆ ಕೂತು ಮಾತಾಡಿದ್ದುಂಟು, ಆದರೆ ಈತನ ಮನೆಯವರು ಯಾರು, ಅವರನ್ನೆಲ್ಲ ಬಿಟ್ಟು ಯಾಕೆ ದೂರ ಬಂದ, ಯಾರ ಋಣ ಈತನ ಮೇಲಿತ್ತು? ಇದನ್ನು ತಿಳಿಯಲು ಲೇಖಕರು ಊರೂರು ತಿರುಗುತ್ತಾರೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರಿಗೆ ಆತ ದೊಡ್ಡ ಮನುಷ್ಯ, ಇನ್ನೊಬ್ಬರಿಗೆ ಮನೆ ಹಾಳು ಮಾಡಿದವನು. ಹೀಗೆ ಕೇಳುತ್ತಾ ಕೇಳುತ್ತಾ, ಇಲ್ಲದ ಮನುಷ್ಯನೊಬ್ಬ ನಮ್ಮ ಕಣ್ಣೆದುರು ಎದ್ದು ನಿಲ್ಲುತ್ತಾನೆ.

ಇದನ್ನು ಓದುವಾಗ ಒಂದು ಪತ್ತೇದಾರಿ ಕಥೆ ಓದುವ ಹಾಗೆಯೇ ಆಗುತ್ತದೆ. ಸುಳಿವು ಇದೆ, ವಿಳಾಸ ಇದೆ, ಸುಳ್ಳು ಹೇಳುವ ಸಾಕ್ಷಿಗಳಿದ್ದಾರೆ. ಕೊಲೆ ಮಾತ್ರ ಇಲ್ಲ. ಹುಡುಕುತ್ತಿರುವುದು ಒಂದು ಬದುಕನ್ನು. ನನಗೆ ಕಾರಂತರು ಪೂರ್ತಿಯಾಗಿ ಸಿಕ್ಕಿದ್ದು ಈ ಕಾದಂಬರಿಯಲ್ಲಿ. ಅವರ ಎಲ್ಲ ಕೆಲಸದ ಬೀಗದ ಕೈ ಇಲ್ಲೇ ಇದೆ ಅಂತ ನನ್ನ ನಂಬಿಕೆ.

ಕಾರಂತರ ಬಗ್ಗೆ ಯಾರೇ ಮಾತಾಡಲಿ, ಮೊದಲು ಲೆಕ್ಕ ಬರುತ್ತದೆ. 47 ಕಾದಂಬರಿ. 31 ನಾಟಕ. ಅದರ ಮೇಲೆ ಕಲೆಯ ಪುಸ್ತಕಗಳು, ವಿಜ್ಞಾನದ ಪುಸ್ತಕಗಳು, ಪ್ರವಾಸ ಕಥನ, ಅರ್ಥಕೋಶ, ಮಕ್ಕಳ ಪುಸ್ತಕ, ಅನುವಾದ, ಆತ್ಮಕಥೆ. ಕೇಳಿದವರು ಅಬ್ಬಾ ಎನ್ನುತ್ತಾರೆ, ಕೈ ಮುಗಿಯುತ್ತಾರೆ, ಮನೆಗೆ ಹೋಗುತ್ತಾರೆ. ಓದುವುದಿಲ್ಲ. ನನಗೆ ಬೇಜಾರು ಅಲ್ಲೇ. ಲೆಕ್ಕ ಹೇಳಿ ಹೇಳಿ ನಾವು ಅವರನ್ನು ಒಂದು ಗುಡ್ಡ ಮಾಡಿ ನಿಲ್ಲಿಸಿದ್ದೇವೆ. ಗುಡ್ಡವನ್ನು ದೂರದಿಂದ ನೋಡುತ್ತಾರೆಯೇ ಹೊರತು ಹತ್ತುವವರು ಕಡಿಮೆ.

ಹಾಗಾಗಿ ಎಷ್ಟು ಬರೆದರು ಎಂಬುದನ್ನು ಬಿಟ್ಟು, ಒಬ್ಬ ಮನುಷ್ಯ ಇಷ್ಟು ಬೇರೆ ಬೇರೆ ಥರದ ಕಾದಂಬರಿಗಳನ್ನು ಹೇಗೆ ಬರೆದ ಎಂದು ಕೇಳೋಣ. ನೋಡಿ, 'ದೇವದೂತರು' ವಿಡಂಬನೆ. 'ಸರಸಮ್ಮನ ಸಮಾಧಿ'ಯಲ್ಲಿ ಸತ್ತವರು ಬಂದು ಮಾತಾಡುತ್ತಾರೆ. 'ಮರಳಿ ಮಣ್ಣಿಗೆ' ಮೂರು ತಲೆಮಾರಿನ ಮನೆಯ ಕಥೆ. 'ಬೆಟ್ಟದ ಜೀವ'ದಲ್ಲಿ ಕಾಡು, ಹುಲಿ, ಬೆಟ್ಟ. 'ಔದಾರ್ಯದ ಉರುಳಲ್ಲಿ' ರಾಜಕೀಯದ್ದು. 'ಮೈಮನಗಳ ಸುಳಿಯಲ್ಲಿ' ಒಬ್ಬ ವೇಶ್ಯೆ ತನ್ನ ಬದುಕನ್ನು ತಾನೇ ಹೇಳಿಕೊಳ್ಳುತ್ತಾಳೆ. 'ಮೂಕಜ್ಜಿಯ ಕನಸುಗಳು' ಯಾವ ಥರದ್ದು ಎಂದು ಇವತ್ತಿಗೂ ಯಾರಿಗೂ ಸರಿಯಾಗಿ ಹೇಳಲಾಗಿಲ್ಲ. ಇವೆಲ್ಲ ಒಂದೇ ಕೈಯಿಂದ ಬಂದವು ಎಂದು ಹೆಸರು ಮುಚ್ಚಿ ಕೊಟ್ಟರೆ ನಂಬುವುದು ಕಷ್ಟ.

ನನ್ನ ಉತ್ತರ ಇದು. ಕಾರಂತರು ಪ್ರಕಾರ ಆರಿಸಿಕೊಂಡು ಬರೆದವರಲ್ಲ. ಅವರಿಗೆ ಒಂದು ವಿಷಯ ಗೊತ್ತಿಲ್ಲ ಎಂದಾಗ ಅದರ ಹತ್ತಿರ ಹೋಗುತ್ತಿದ್ದರು. ಕೂತು ಕೇಳುತ್ತಿದ್ದರು. ಕೇಳುವ ದಾರಿ ಯಾವುದೋ, ಕಾದಂಬರಿಯ ರೂಪವೂ ಅದೇ ಆಯಿತು. ಸತ್ತವರನ್ನು ಕೇಳಬೇಕಾದರೆ ದೆವ್ವದ ಕಥೆ, ಕಾಣೆಯಾದವರನ್ನು ಕೇಳಬೇಕಾದರೆ ಹುಡುಕಾಟದ ಕಥೆ, ಮಣ್ಣಿನಡಿಯ ಕಾಲವನ್ನು ಕೇಳಬೇಕಾದರೆ ಒಬ್ಬ ಅಜ್ಜಿಯ ಕನಸು.

ಬದುಕನ್ನು ನೋಡಿದರೂ ಹಾಗೇ. ಹುಟ್ಟಿದ್ದು 1902ರ ಅಕ್ಟೋಬರ್ 10, ಕುಂದಾಪುರದ ಹತ್ತಿರದ ಕೋಟದಲ್ಲಿ. ಕಾಲೇಜಿಗೆ ಸೇರಿದ್ದರು, ಗಾಂಧೀಜಿಯವರ ಅಸಹಕಾರ ಚಳವಳಿ ಬಂದಾಗ ಬಿಟ್ಟುಬಿಟ್ಟರು. ಖಾದಿ, ಸ್ವದೇಶಿ ಅಂತ ಕೆಲವು ವರ್ಷ ಊರೂರು ಸುತ್ತಿದರು. 'ವಸಂತ' ಎಂಬ ಪತ್ರಿಕೆ ನಡೆಸಿದರು. ಮೊದಲು ಪ್ರಕಟವಾದ ಪುಸ್ತಕ ಕಾದಂಬರಿಯಲ್ಲ, 'ರಾಷ್ಟ್ರಗೀತ ಸುಧಾಕರ' ಎಂಬ ಪದ್ಯಗಳ ಸಂಗ್ರಹ. ಆಮೇಲೆ 'ವಿಚಿತ್ರಕೂಟ' ಎಂಬ ಕಾದಂಬರಿ. ಇವನ್ನು ಈಗ ಯಾರೂ ಓದುವುದಿಲ್ಲ, ಓದಲೇಬೇಕು ಎಂದು ನಾನೂ ಹೇಳುವುದಿಲ್ಲ. ಆದರೆ ಒಂದನ್ನು ಗಮನಿಸಿ. ಆ ಸುತ್ತಾಟದಲ್ಲಿ ಅವರು ಉಳಿದುಕೊಂಡದ್ದು ಬೇರೆಯವರ ಮನೆಗಳಲ್ಲಿ, ನಡೆದದ್ದು ಗದ್ದೆ ಬದುವಿನಲ್ಲಿ, ದಾಟಿದ್ದು ದೋಣಿಯಲ್ಲಿ. ನಮ್ಮ ಕರಾವಳಿಯಲ್ಲಿ ಆಗ ದೊಡ್ಡ ಹೊಳೆಗಳಿಗೆ ಎಲ್ಲಿತ್ತು ಸೇತುವೆ? ಒಂದೂರಿಂದ ಇನ್ನೊಂದೂರಿಗೆ ಹೋಗುವುದೆಂದರೆ ಹತ್ತು ಜನರನ್ನು ದಾರಿ ಕೇಳುವುದು, ಇಬ್ಬರ ಮನೆಯಲ್ಲಿ ಉಣ್ಣುವುದು, ಒಬ್ಬರ ಜಗಲಿಯಲ್ಲಿ ಮಲಗುವುದು. ಮುಂದೆ ಕಾದಂಬರಿಯಾದದ್ದು ಈ ಜಗಲಿಯ ಮಾತುಗಳೇ.

ಆಮೇಲೆ ಪುತ್ತೂರು. ಅಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದರು. ನಾಟಕ, ಕುಣಿತ, ಚಿತ್ರ, ತೋಟ, ಎಲ್ಲ ಸೇರಿಸಿದ ಕಲಿಕೆ ಅದು. ದಸರಾ ಉತ್ಸವ ನಡೆಸಿದರು. ಮುದ್ರಣದ ಕೆಲಸ ಕಲಿತು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು, ಕೈ ಸುಟ್ಟುಕೊಂಡರು. ಮೂಕಿ ಸಿನಿಮಾ ಕಾಲದಲ್ಲಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಚಿತ್ರ ಮಾಡಿದರು. ಅದರಲ್ಲಿ ದುಡ್ಡೂ ಬರಲಿಲ್ಲ, ಸಿನಿಮಾದವರಾಗಿಯೂ ಉಳಿಯಲಿಲ್ಲ. ಇದನ್ನೆಲ್ಲ ಕೆಲವರು ಅವರ ಹುಚ್ಚುಗಳ ಪಟ್ಟಿ ಎಂದು ಹೇಳುತ್ತಾರೆ. ಅವರೇ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರಲ್ವಾ. ಆದರೆ ಒಂದೂ ದಂಡವಾಗಿಲ್ಲ. ಪಾತ್ರ ಬಾಯಿ ಬಿಡುವ ಮೊದಲು ಅವನ ನಡಿಗೆ, ಕೈ, ಕೂತ ಜಾಗ ನಮಗೆ ಕಾಣಿಸುವ ಹಾಗೆ ಅವರು ಬರೆಯುತ್ತಾರೆ. ಮಾತಿಲ್ಲದ ಸಿನಿಮಾ ಮಾಡಿದವನಿಗೆ, ಮಕ್ಕಳನ್ನು ಕುಣಿಸಿದವನಿಗೆ ಬರುವ ಕಣ್ಣು ಅದು.

1933ರಲ್ಲಿ 'ಚೋಮನ ದುಡಿ' ಬಂತು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ಕಥೆ ನಿಮಗೆ ಗೊತ್ತು. ಚೋಮ ಹೊಲೆಯ, ಸಂಕಪ್ಪಯ್ಯನವರ ಮನೆಯ ಆಳು. ಅವನಿಗೆ ಎರಡು ಎತ್ತುಗಳಿವೆ, ಆದರೆ ಬೇಸಾಯಕ್ಕೆ ಒಂದು ತುಂಡು ಗದ್ದೆ ಸಿಗುವುದಿಲ್ಲ. ಅವನ ಜಾತಿಯವರು ಬೇಸಾಯ ಮಾಡಬಾರದು ಎಂಬುದು ಊರಿನ ಕಟ್ಟು. ಘಟ್ಟದ ಮೇಲಿನ ಕಾಫಿ ತೋಟದ ಸಾಲ ತೀರಿಸಲು ಹೋದ ಮಕ್ಕಳಲ್ಲಿ ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಒಬ್ಬ ಕ್ರಿಸ್ತನ ಮತಕ್ಕೆ ಸೇರುತ್ತಾನೆ. ಕೊನೆಯ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದರು, ಈಜು ಬರುವವರೂ ಇದ್ದರು. ಮುಟ್ಟಬಾರದ ಜಾತಿಯ ಹುಡುಗ ಅಂತ ಎತ್ತಲಿಲ್ಲ.

ಆ ಪುಟವನ್ನು ನಾನು ಮೊದಲು ಓದಿದ್ದು ಹೈಸ್ಕೂಲಿನಲ್ಲಿದ್ದಾಗ. ನಮ್ಮ ಮನೆಯೂ ಹೊಳೆ ಬದಿಯಲ್ಲೇ. ಮಾರನೇ ದಿನ ದಡಕ್ಕೆ ಹೋಗಿ ಸುಮ್ನೆ ನಿಂತು ನೀರು ನೋಡಿದ್ದು ಈಗಲೂ ನೆನಪಿದೆ. ಅಲ್ಲಿ ಸ್ನಾನ ಮಾಡುವ ಕಲ್ಲುಗಳು ಯಾರದ್ದು ಎಲ್ಲಿ ಎಂದು ನನಗೆ ಆವರೆಗೂ ತಲೆಗೆ ಹೊಕ್ಕಿರಲಿಲ್ಲ. ಮೇಲಿನ ಕಲ್ಲು ನಮ್ಮದು, ಕೆಳಗಿನದು ಬೇರೆಯವರದು. ಹೊಳೆ ಮೇಲಿಂದ ಕೆಳಗೆ ಹರಿಯುತ್ತದೆ. ಯಾರೂ ಬಾಯಿ ಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು. ಒಂದು ಕಾದಂಬರಿ ಬಂದು ಅದನ್ನು ನನಗೆ ತೋರಿಸಬೇಕಾಯಿತು.

ಕಾರಂತರ ಕಾದಂಬರಿಗಳಲ್ಲಿ ಕೇಳುವವನು ಒಬ್ಬ ಇರುತ್ತಾನೆ. 'ಚೋಮನ ದುಡಿ'ಯಲ್ಲಿ ಅವನಿಲ್ಲ. ಚೋಮನ ಗುಡಿಸಲಿಗೆ ಬಂದು, ಕೂತು, ನಿನ್ನ ಕಥೆ ಹೇಳು ಎಂದು ಕೇಳುವ ಒಬ್ಬ ಮನುಷ್ಯನೂ ಆ ಪುಸ್ತಕದಲ್ಲಿಲ್ಲ. ಸಾಲ ಕೇಳಲು ಬರುತ್ತಾರೆ, ಕೆಲಸ ಹೇಳಲು ಬರುತ್ತಾರೆ. ಅದಕ್ಕೇ ಅವನಿಗೆ ಉಳಿದದ್ದು ದುಡಿ ಎಂಬ ಸಣ್ಣ ಚರ್ಮವಾದ್ಯ. ಸಂತೋಷಕ್ಕೂ ದುಡಿ, ಸಿಟ್ಟಿಗೂ ದುಡಿ, ಕೊನೆಗೆ ಬಾಗಿಲು ಹಾಕಿಕೊಂಡು ಸಾಯುವವರೆಗೆ ದುಡಿ. ಚೋಮನ ಸಿಟ್ಟು ಇನ್ನೂ ಮಾತಾಗಿ ಬರಬೇಕಿತ್ತು ಎಂದು ಇವತ್ತು ಓದುವ ಹಲವರಿಗೆ ಅನಿಸುತ್ತದೆ. ನನಗೂ ಅನಿಸಿದೆ. ಆ ಸಿಟ್ಟನ್ನು ತಮ್ಮದೇ ಮಾತಿನಲ್ಲಿ ಬರೆಯುವವರು ಕನ್ನಡದಲ್ಲಿ ಆಮೇಲೆ ಬಂದರು, ಬರಬೇಕಾದದ್ದೇ. ಆದರೂ 1933ರಲ್ಲಿ, ಕೋಟದ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಮೂವತ್ತೊಂದು ವರ್ಷದವರೊಬ್ಬರು ಭೂಮಿಯ ಪ್ರಶ್ನೆಯನ್ನೇ ಹಿಡಿದು ಕೂತರು ಎಂಬುದು ನನಗೆ ದೊಡ್ಡದು. ಅಯ್ಯೋ ಪಾಪ ಎಂದು ಮರುಗಿ ಬಿಡಬಹುದಿತ್ತು, ಹಾಗೆ ಮಾಡಲಿಲ್ಲ. ನಿರ್ದೇಶಕ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿ, 1975ರ ಅತ್ಯುತ್ತಮ ಚಿತ್ರ ಎಂದು ಸ್ವರ್ಣ ಕಮಲ ಬಂದದ್ದೂ ನಿಮಗೆ ಗೊತ್ತಿರಬಹುದು. ಸಿನಿಮಾ ನೋಡಿದವರು ಪುಸ್ತಕವನ್ನೂ ಓದಿ. ಸಣ್ಣ ಪುಸ್ತಕ, ಒಂದು ಸಂಜೆ ಸಾಕು.

'ಸರಸಮ್ಮನ ಸಮಾಧಿ' ಬಂದದ್ದು 1937ರಲ್ಲಿ. ಸತಿ ಹೋದ ಹೆಂಗಸಿನ ಸಮಾಧಿಗೆ ಸಂಸಾರದಲ್ಲಿ ನೊಂದವರು ಹರಕೆ ಹೊತ್ತು ಬರುತ್ತಾರೆ. ಊರು ಆಕೆಯನ್ನು ದೇವರು ಮಾಡಿ ಕೂರಿಸಿದೆ. ಬದುಕಿದ್ದಾಗ ಹೆಂಗಸರನ್ನು ಕೇಳಲಿಲ್ಲ, ಸತ್ತ ಮೇಲಾದರೂ ಕೇಳೋಣ ಎಂದು ಕಾರಂತರು ಅವರಿಗೆ ಬಾಯಿ ಕೊಡುತ್ತಾರೆ. ನಮ್ಮ ಕಡೆ ಭೂತ, ಗುಳಿಗ ದೈವ, ಸತಿ ಹೋದವರ ಮಾಸ್ತಿಕಲ್ಲು ಇವೆಲ್ಲ ದಿನದ ಬದುಕಿನಲ್ಲೇ ಇರುವಂಥವು. ಹೆದರಿಸಲು ದೆವ್ವ ತರುವುದು ಸುಲಭ. ಇಲ್ಲಿ ದೆವ್ವಗಳಿಗೇ ದುಃಖ ಜಾಸ್ತಿ. ಇದು ಅವರ ಅತಿ ಒಳ್ಳೆಯ ಕಾದಂಬರಿ ಅಂತ ನಾನು ಹೇಳುವುದಿಲ್ಲ, ಆದರೆ ಇಷ್ಟು ಕಡಿಮೆ ಜನ ಓದಬೇಕಾದ ಪುಸ್ತಕವೂ ಅಲ್ಲ.

ಈಗ 'ಮರಳಿ ಮಣ್ಣಿಗೆ'. ಇದನ್ನು ನಾನು ಇಪ್ಪತ್ತನೇ ವಯಸ್ಸಿನಲ್ಲಿ ಹಿಡಿದು ನಲವತ್ತು ಪುಟಕ್ಕೆ ಬಿಟ್ಟಿದ್ದೆ. ಏನೂ ಆಗುವುದೇ ಇಲ್ಲವಲ್ಲ ಎನಿಸಿತ್ತು. ಮಳೆ ಬರುತ್ತದೆ, ಗದ್ದೆ, ಸೊಪ್ಪು, ಕಟ್ಟಿಗೆ, ದನ, ಮತ್ತೆ ಮಳೆ. ಮೂವತ್ತೈದು ದಾಟಿದ ಮೇಲೆ ಮತ್ತೆ ತೆಗೆದೆ. ಅದಕ್ಕೆ ಕಾರಣ ನಮ್ಮ ಅತ್ತೆ, ಅಪ್ಪನ ಅಕ್ಕ. ಸಣ್ಣ ವಯಸ್ಸಿಗೆ ಗಂಡ ಹೋಗಿ ತಮ್ಮನ ಮನೆಗೆ ಬಂದವರು. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ರಾತ್ರಿ ಹತ್ತಕ್ಕೆ ಮಲಗುತ್ತಿದ್ದರು. ಯಾವ ಮರದಲ್ಲಿ ಎಷ್ಟು ಕಾಯಿ, ಯಾವ ಗದ್ದೆಗೆ ಎಷ್ಟು ಮುಡಿ, ಎಲ್ಲ ಅವರ ನಾಲಗೆಯ ಮೇಲೆ. ಅವರು ತೀರಿಕೊಂಡ ಮೇಲೆ ಮನೆಯ ಕಾಗದಪತ್ರ ನೋಡುವಾಗ ಒಂದು ಕಡೆಯೂ ಅವರ ಹೆಸರಿರಲಿಲ್ಲ. ಒಂದು ಫೋಟೋ ಇರಲಿಲ್ಲ. ಆ ವಾರ ನಾನು 'ಮರಳಿ ಮಣ್ಣಿಗೆ' ತೆಗೆದೆ. ಅಲ್ಲಿ ಸರಸೋತಿ ಇದ್ದಳು.

ರಾಮ ಐತಾಳರು ಪುರೋಹಿತರು. ಅವರು ಮಂತ್ರ ಹೇಳಿ ದಕ್ಷಿಣೆ ತರುತ್ತಾರೆ, ಮನೆಯ ಯಜಮಾನರು. ಮನೆ ನಿಂತಿರುವುದು ಮಾತ್ರ ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿಯ ಬೆನ್ನಿನ ಮೇಲೆ. ಮಕ್ಕಳಾಗಲಿಲ್ಲ ಅಂತ ಐತಾಳರು ಇನ್ನೊಂದು ಮದುವೆಯಾಗುತ್ತಾರೆ. ಮಗ ಲಚ್ಚ ಹುಟ್ಟುತ್ತಾನೆ, ಓದುತ್ತಾನೆ, ಹಾಳಾಗುತ್ತಾನೆ. ಅವನ ಹೆಂಡತಿ ನಾಗವೇಣಿ ಎಲ್ಲ ತಿಂದು ಬದುಕುತ್ತಾಳೆ, ಮಗ ರಾಮನನ್ನು ಬೆಳೆಸುತ್ತಾಳೆ. ಆ ರಾಮ ಪಟ್ಟಣ ನೋಡಿ, ಕೆಲಸ ಹುಡುಕಿ ಸೋತು, ಮಣ್ಣಿಗೆ ಮರಳುತ್ತಾನೆ. ಎಲ್ಲರೂ ಇದನ್ನು ರಾಮನ ಮರಳುವಿಕೆಯ ಕಥೆ ಎಂದು ಪಾಠ ಮಾಡುತ್ತಾರೆ. ನನಗೆ ಇದು ಹೋಗದೆ ಉಳಿದವರ ಕಥೆ. ಪಾರೋತಿ, ಸರಸೋತಿ, ನಾಗವೇಣಿ ಎಲ್ಲಿಗೂ ಹೋಗಲಿಲ್ಲ, ಹಾಗಾಗಿ ಮರಳುವ ಮಾತೇ ಬರಲಿಲ್ಲ. ಪಾರೋತಿ, ಸರಸೋತಿ ಗದ್ದೆಯಲ್ಲಿ ಬಗ್ಗಿ ನಿಂತ ಪುಟಗಳನ್ನು ಬರೆದವರು ಕಡಲ ಬದಿಯ ಉಪ್ಪು ಗಾಳಿ, ಕೆಸರು, ಹೊಗೆಯ ಅಡುಗೆಮನೆ ಇದನ್ನೆಲ್ಲ ಎಷ್ಟು ಹತ್ತಿರದಿಂದ ನೋಡಿರಬೇಕು! ನಾನು ಬಿಟ್ಟ ನಲವತ್ತು ಪುಟದಲ್ಲಿ ಏನೂ ಆಗಿರಲಿಲ್ಲ ಎಂದೆನಲ್ಲ, ಆ ಪುಟಗಳಲ್ಲಿ ಅವರ ಇಡೀ ಆಯುಷ್ಯ ಹೋಗಿತ್ತು.

ಇದಾದ ಸ್ವಲ್ಪ ದಿನಕ್ಕೇ, 1943ರಲ್ಲಿ, 'ಬೆಟ್ಟದ ಜೀವ'. ಕಡಲಿನಿಂದ ಎದ್ದು ನೇರ ಘಟ್ಟದ ಬುಡಕ್ಕೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಒಬ್ಬ ದಾರಿ ತಪ್ಪುತ್ತಾನೆ, ಕತ್ತಲಾಗುತ್ತದೆ, ಇಬ್ಬರು ಹಳ್ಳಿಯವರು ಕರೆದುಕೊಂಡು ಹೋಗಿ ಗೋಪಾಲಯ್ಯನವರ ಮನೆಗೆ ಬಿಡುತ್ತಾರೆ. ಅಷ್ಟೇ ಕಥೆ. ಆಮೇಲೆ ಅವನು ಕೆಲವು ದಿನ ಅಲ್ಲಿ ಉಳಿಯುತ್ತಾನೆ. ಗೋಪಾಲಯ್ಯ ಮತ್ತು ಹೆಂಡತಿ ಶಂಕರಮ್ಮ ಕಾಡು ಕಡಿದು ತೋಟ ಎಬ್ಬಿಸಿದವರು. ಮನೆಗೆ ಬಂದವರನ್ನು ಬಿಡದೆ ಉಪಚರಿಸುತ್ತಾರೆ, ಬಿಸಿನೀರು, ಎಣ್ಣೆ, ಊಟ, ಮಾತು. ಮನೆ ತುಂಬ ನಗು. ಆದರೆ ಇದ್ದೊಬ್ಬ ಮಗ ಬಿಟ್ಟುಹೋಗಿದ್ದಾನೆ. ಅದನ್ನು ಅವರು ನೇರವಾಗಿ ಹೇಳುವುದಿಲ್ಲ. ಅತಿಥಿಯ ತಟ್ಟೆಗೆ ಇನ್ನೊಂದು ಸಲ ಬಡಿಸುವಾಗ ಅದು ಹೇಳಿಬಿಡುತ್ತದೆ. ನಮ್ಮ ತೋಟದ ಮನೆಗಳಲ್ಲಿ ಈಗ ಎಷ್ಟು ಗೋಪಾಲಯ್ಯ, ಎಷ್ಟು ಶಂಕರಮ್ಮ ಇದ್ದಾರೆ ಎಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ. ಅಡಿಕೆ ಅಂಗಳದಲ್ಲಿ. ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಹಿಂದಿನ ಸಾಲಿನ ಇಬ್ಬರು ಹಿರಿಯರು ತಲೆ ತಗ್ಗಿಸಿದರು, ಮುಂದಕ್ಕೆ ಮಾತಾಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಘಟ್ಟದ ಕಾಡಿನಲ್ಲಿ ಬದುಕುವ ಮಲೆಕುಡಿಯರ ಬಗ್ಗೆ 'ಕುಡಿಯರ ಕೂಸು' ಬರೆದರು. ಸಂನ್ಯಾಸಿಯ ಬಗ್ಗೆ ಬರೆದರು, ಮೇಷ್ಟರ ಬಗ್ಗೆ ಬರೆದರು. ಎಲ್ಲವೂ ಒಂದೇ ಸಮ ಇಲ್ಲ. ಇದನ್ನು ಮುಚ್ಚಿಡುವುದು ಅವರಿಗೂ ಒಳ್ಳೆಯದಲ್ಲ, ಓದುಗರಿಗೂ ಅಲ್ಲ. ಎಷ್ಟೋ ಕಾದಂಬರಿಗಳಲ್ಲಿ ಪಾತ್ರಗಳು ಮಾತು ಬಿಟ್ಟು ಭಾಷಣ ಮಾಡುತ್ತವೆ. ವಾದ ಮುಗಿದ ಮೇಲೂ ವಾದ ನಡೆಯುತ್ತದೆ. ಕೊನೆಕೊನೆಯವನ್ನು ಅವರು ಕೂತು ಹೇಳುತ್ತಾ ಹೋಗುವುದು, ಸಹಾಯಕರು ಬರೆದುಕೊಳ್ಳುವುದು ಹೀಗೆ ಮಾಡಿದರು. ಬಾಯಿಮಾತಿನ ಓಟ ಅದರಲ್ಲಿದೆ, ಬಾಯಿಮಾತಿನ ಸಡಿಲವೂ ಇದೆ. ಆದರೆ ಕೆಟ್ಟ ಪುಸ್ತಕ ಬಂದೀತು ಎಂಬ ಭಯಕ್ಕೆ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಹಾಗೆ ನಿಲ್ಲಿಸಿದ್ದರೆ 1968ರ ಹೊತ್ತಿಗೆ, ಅರವತ್ತು ದಾಟಿದ ಮೇಲೆ, ಮೂಕಜ್ಜಿ ಬರುತ್ತಿರಲಿಲ್ಲ.

ಮೂಕಜ್ಜಿಗೆ ಬರುವ ಮೊದಲು ಒಂದು ಅಡ್ಡದಾರಿ. 1936ರಲ್ಲಿ ಅವರು 'ಬಾಲ ಪ್ರಪಂಚ' ತಂದರು, ಮೂರು ಸಂಪುಟ, ಮಕ್ಕಳಿಗಾಗಿ. ಆಮೇಲೆ 1959ರಿಂದ 1964ರ ನಡುವೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ'. ಒಬ್ಬರೇ ಕೂತು ಬರೆದದ್ದು. ನಕ್ಷತ್ರ, ಕಲ್ಲು, ಪ್ರಾಣಿ, ಗಿಡ, ಮನುಷ್ಯ ಬಂದ ದಾರಿ, ಎಲ್ಲ. ಸಮಿತಿ ಇಲ್ಲ, ಕಂಪ್ಯೂಟರ್ ಇಲ್ಲ. ಜೊತೆಗೆ ಚಾಲುಕ್ಯರ ಶಿಲ್ಪ, ಭಾರತದ ಚಿತ್ರಕಲೆ ಅಂತ ದೇವಸ್ಥಾನ, ಗುಹೆ ಸುತ್ತಿ ಬರೆದರು. 'ಅಬೂವಿಂದ ಬರಾಮಕ್ಕೆ', 'ಅಪೂರ್ವ ಪಶ್ಚಿಮ' ಎಂಬ ಪ್ರವಾಸದ ಪುಸ್ತಕಗಳಿವೆ. ಕಾದಂಬರಿಕಾರನಿಗೆ ಇದೆಲ್ಲ ಯಾಕೆ, ಈ ಹೊತ್ತಿನಲ್ಲಿ ಇನ್ನೂ ನಾಲ್ಕು ಒಳ್ಳೆಯ ಕಾದಂಬರಿ ಬರೆಯಬಹುದಿತ್ತಲ್ಲ ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು.

'ಮೂಕಜ್ಜಿಯ ಕನಸುಗಳು' ಓದಿದರೆ ಉತ್ತರ ಸಿಗುತ್ತದೆ. ಮೂಡೂರು ಎಂಬ ಹಳ್ಳಿ. ಮೂಕಜ್ಜಿ ಹುಡುಗಿಯಾಗಿದ್ದಾಗಲೇ ವಿಧವೆಯಾದವಳು, ವರ್ಷಗಟ್ಟಲೆ ಮಾತು ಕಡಿಮೆ. ಊರಿಗೆ ಆಕೆ ಅರೆ ಹುಚ್ಚಿ. ಮೊಮ್ಮಗ ಸುಬ್ಬರಾಯ ಮಾತ್ರ ಆಕೆಯ ಹತ್ತಿರ ಕೂತು ಕೇಳುತ್ತಾನೆ. ಎಲ್ಲೋ ಸಿಕ್ಕಿದ ಎಲುಬಿನ ತುಂಡೋ ಹಳೆಯ ವಸ್ತುವೋ ಅಜ್ಜಿಯ ಕೈಗೆ ಕೊಡುತ್ತಾನೆ. ಅಜ್ಜಿ ಅದನ್ನು ಮುಟ್ಟಿ ತನಗೆ ಕಂಡದ್ದನ್ನು ಹೇಳುತ್ತಾಳೆ. ಗುಹೆಯ ಮನುಷ್ಯರು, ಬೇಟೆ, ತಾಯಿ ದೇವರು, ಒಂದು ದೇವರನ್ನು ಇನ್ನೊಂದು ದೇವರು ಓಡಿಸಿದ್ದು. ಸಾವಿರಾರು ವರ್ಷದ ಮನುಷ್ಯನ ಕಥೆ ಒಂದು ಜಗಲಿಯ ಮೇಲೆ ನಡೆದುಹೋಗುತ್ತದೆ. ವಿಜ್ಞಾನದ ಸಂಪುಟಗಳನ್ನು ಬರೆದ, ಗುಹೆ ದೇವಸ್ಥಾನ ಸುತ್ತಿದ ಆ ವರ್ಷಗಳು ಇಲ್ಲದಿದ್ದರೆ ಅಜ್ಜಿಗೆ ಕಾಣಲು ಏನಿರುತ್ತಿತ್ತು ಹೇಳಿ.

ಇಲ್ಲಿ ನನಗೆ ಇಷ್ಟವಾಗುವುದು ಒಂದು ಆಯ್ಕೆ. ಇಷ್ಟು ಓದಿದ ಕಾರಂತರು ಆ ತಿಳಿವಳಿಕೆಯನ್ನು ಒಬ್ಬ ಪ್ರೊಫೆಸರನ ಬಾಯಲ್ಲಿ ಹೇಳಿಸಬಹುದಿತ್ತು. ಓದು ಬರಹ ಇಲ್ಲದ, ಬೋಳು ತಲೆಯ, ಊರು ಮೂಲೆಗೆ ಕೂರಿಸಿದ ಮುದುಕಿಗೆ ಕೊಟ್ಟರು. ಶಾಸ್ತ್ರ ಯಾರ ಬದುಕನ್ನು ಮುಗಿಸಿತ್ತೋ ಅವಳೇ ಶಾಸ್ತ್ರ ಎಲ್ಲಿಂದ ಬಂತು ಎಂದು ಹೇಳುತ್ತಾಳೆ, ಮತ್ತು ಸಿಟ್ಟಿಲ್ಲದೆ ಹೇಳುತ್ತಾಳೆ. ಹೆಣ್ಣು ಗಂಡಿನ ಆಸೆಯ ಬಗ್ಗೆ ಅವಳು ಆಡುವ ಮಾತು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಗಟ್ಟಿಯಾಗಿ ಓದಲಾಗದು. ಈ ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಸರಸಮ್ಮ, ಸರಸೋತಿ, ಮೂಕಜ್ಜಿ, ಮೂವರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂವತ್ತು ವರ್ಷ ಅವರು ಒಬ್ಬಳೇ ಹೆಂಗಸಿನ ಹತ್ತಿರ ಮತ್ತೆ ಮತ್ತೆ ಹೋಗಿ ಕೇಳುತ್ತಿದ್ದಾರೆ ಅಂತ ನನಗನಿಸುತ್ತದೆ. ಮೊದಲು ಅವಳು ಸಮಾಧಿಯಲ್ಲಿ, ಸತ್ತ ಮೇಲೆ ಮಾತಾಡಿದಳು. ಆಮೇಲೆ ಗದ್ದೆಯಲ್ಲಿ ದುಡಿದಳು, ಮಾತಾಡಲಿಲ್ಲ. ಕೊನೆಗೆ ಬದುಕಿರುವಾಗಲೇ ಬಾಯಿ ಬಿಟ್ಟಳು.

ಯಕ್ಷಗಾನದ ಬಗ್ಗೆ ಹೇಳದೆ ಹೋದರೆ ನಮ್ಮೂರಿನವರು ನನ್ನನ್ನು ಬಿಡುವುದಿಲ್ಲ. 'ಯಕ್ಷಗಾನ ಬಯಲಾಟ' ಎಂಬ ಅವರ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಕಾದಂಬರಿಗೆ ಬಂದದ್ದಲ್ಲ ನೋಡಿ. ಹಳೆಯ ಮೇಳದವರನ್ನು, ಹಾಡುವ ಭಾಗವತರನ್ನು ಹುಡುಕಿಕೊಂಡು ಹೋಗಿ, ಹಾಡು, ಕುಣಿತ, ವೇಷ, ಬಣ್ಣ ಎಲ್ಲ ಕೇಳಿ ಬರೆದದ್ದು. ಆಮೇಲೆ ತಾವೇ ತಂಡ ಕಟ್ಟಿ, ಮಾತು ತೆಗೆದು, ಕುಣಿತ ಮತ್ತು ಹಾಡನ್ನೇ ಮುಂದೆ ತಂದು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ ಆಡಿಸಿದರು. ಇದಕ್ಕೆ ಬೈದವರು ಬಹಳ. ಅರ್ಥಗಾರಿಕೆ ಇಲ್ಲದ ಯಕ್ಷಗಾನ ನನಗೂ ಒಪ್ಪಿಗೆಯಲ್ಲ, ನಾನು ರಾತ್ರಿಯಿಡೀ ಮಾತು ಕೇಳಿ ಬೆಳೆದವನು. ಆದರೆ ಬೈದವರಲ್ಲಿ ಎಷ್ಟು ಜನ ಅವರಷ್ಟು ಭಾಗವತರ ಮನೆ ಬಾಗಿಲು ತಟ್ಟಿದ್ದರು ಎಂದು ನಾನು ಕೇಳುತ್ತೇನೆ.

ಬರೆದಷ್ಟೇ ಗಟ್ಟಿಯಾಗಿ ಬದುಕಿದರು ಎಂಬುದಕ್ಕೆ ಎರಡು ಸಂಗತಿ ಸಾಕು. ತುರ್ತು ಪರಿಸ್ಥಿತಿ ಬಂದಾಗ, ಸರಕಾರ ಕೊಟ್ಟಿದ್ದ ಪದ್ಮಭೂಷಣವನ್ನು ಹಿಂತಿರುಗಿಸಿದರು. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡ ಎಂದು ಹೋರಾಡಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಆಗ ವಯಸ್ಸು 87. ಗೆಲ್ಲಲಿಲ್ಲ. ಆ ವಯಸ್ಸಿನಲ್ಲಿ ಬಿಸಿಲಿನಲ್ಲಿ ಮನೆ ಮನೆ, ಊರು ಊರು. ಮತ್ತೆ ಅದೇ, ಇಪ್ಪತ್ತರ ಹರೆಯದಲ್ಲಿ ಖಾದಿ ಹೊತ್ತು ನಡೆದ ನಡಿಗೆ.

1997ರ ಡಿಸೆಂಬರ್ 9ರಂದು ತೀರಿಕೊಂಡರು. ತೊಂಬತ್ತು ದಾಟಿದ ಮೇಲೆ ಅವರು ಬರೆಯುತ್ತಿದ್ದ ಪುಸ್ತಕ ಯಾವುದರ ಬಗ್ಗೆ ಗೊತ್ತಾ? ಹಕ್ಕಿಗಳ ಬಗ್ಗೆ. ದೇಶದ ದೊಡ್ಡ ಪ್ರಶಸ್ತಿಗಳೆಲ್ಲ ಮನೆಗೆ ಬಂದ ಮೇಲೆ, ಕಣ್ಣು ಕಿವಿ ಸೋಲುವ ಹೊತ್ತಿನಲ್ಲಿ, ಹಕ್ಕಿ ಯಾವ ಬಣ್ಣ, ಹೇಗೆ ಕೂಗುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂದು ಕೂತು ಬರೆಯುವುದು! ಈ ಭಾಗ ಹೇಳುವಾಗ ನನ್ನ ದನಿ ನಡುಗಿತು ಎಂದು ಆಮೇಲೆ ಯಾರೋ ಹೇಳಿದರು. ನಡುಗಿರಬಹುದು.

ಮಾತು ಮುಗಿದ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು, ಸರ್, ನಾನು ಒಂದೂ ಓದಿಲ್ಲ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದಳು. 'ಬೆಟ್ಟದ ಜೀವ'ದಿಂದ ಎಂದೆ. ಅದರಲ್ಲಿ ನಿನ್ನ ಹಾಗೇ ದಾರಿ ಗೊತ್ತಿಲ್ಲದವನು 'ಗೋಪಾಲಯ್ಯನವರ ಮನೆ'ಗೆ ಬರುತ್ತಾನೆ, ಅವನ ಹಿಂದೆಯೇ ಹೋಗು. ಅದು ಮುಗಿದರೆ 'ಚೋಮನ ದುಡಿ', ಆಮೇಲೆ 'ಅಳಿದ ಮೇಲೆ'. ಮೂಕಜ್ಜಿಯನ್ನು ಅವಸರದಲ್ಲಿ ಓದಬೇಡ, ನಿಮ್ಮ ಅಜ್ಜಿಯ ಜೊತೆ ಒಂದು ಸಲ ಕೂತು ಮಾತಾಡಿ ಬಂದು ಓದು. ಮೊದಲ ಮೂರು ಇದೇ ಲೈಬ್ರರಿಯಲ್ಲಿ ಇವೆ, ಕಿಟಕಿ ಪಕ್ಕದ ಕಪಾಟಿನ ಕೆಳಗಿನ ಸಾಲಿನಲ್ಲಿ. 'ಮರಳಿ ಮಣ್ಣಿಗೆ' ಮಾತ್ರ ಅಲ್ಲಿಲ್ಲ. ನನ್ನ ಹತ್ತಿರ ಎರಡು ಪ್ರತಿ ಇವೆ, ಈ ಶನಿವಾರ ಒಂದನ್ನು ತಂದು ಇಡುತ್ತೇನೆ.